ಡೀಸೆಲ್ ಬಾಯ್ಲರ್ ಬಿಟ್ಟು ಪೆಲೆಟ್‌ಗೆ ಹೋಗಬಹುದೇ? ಬಳಸಿದವರ ಅನುಭವ ಬೇಕಾಗಿದೆ

ಪ್ರಶ್ನೆ: ತಿಪಟೂರಿನಿಂದ, ಕೊಬ್ಬರಿ ಪುಡಿ ಘಟಕ ನಡೆಸುವವರು

ತಿಪಟೂರಿನ ಹತ್ತಿರ ನಮ್ಮದೊಂದು ಸಣ್ಣ ಘಟಕವಿದೆ. ತೆಂಗಿನಕಾಯಿಯ ತುರಿಯನ್ನು ಒಣಗಿಸಿ ಬೇಕರಿಗಳಿಗೂ ಸಿಹಿತಿಂಡಿ ತಯಾರಿಸುವವರಿಗೂ ಕಳುಹಿಸುತ್ತೇವೆ. ಡ್ರೈಯರಿಗೆ ಉಗಿ ಒದಗಿಸಲು ಗಂಟೆಗೆ 100 ಕೆಜಿ ಉಗಿ ಕೊಡುವ ಡೀಸೆಲ್ ಬಾಯ್ಲರ್ ಇದ್ದು, ದಿನಕ್ಕೆ ಸರಾಸರಿ 60 ಲೀಟರ್ ಡೀಸೆಲ್ ಕುಡಿಯುತ್ತದೆ. ಹೋದ ತಿಂಗಳು ಒಬ್ಬ ಮಾರಾಟಗಾರರು ಗಾಜಿನ ಭರಣಿಯಲ್ಲಿ ಪೆಲೆಟ್, ಅಂದರೆ ಹೊಟ್ಟು ಸಿಪ್ಪೆಗಳನ್ನು ಒತ್ತಿ ಮಾಡಿದ ಇಂಧನದ ಸಣ್ಣ ತುಂಡುಗಳನ್ನು ತುಂಬಿಸಿಕೊಂಡು ಬಂದು, ಇಂಧನದ ಖರ್ಚು ಅರ್ಧಕ್ಕೆ ಇಳಿಯುತ್ತದೆ, ಈಗಿರುವ ಬಾಯ್ಲರಿಗೇ ಬೇರೆ ಬರ್ನರ್ ಜೋಡಿಸಿದರೆ ಸಾಕು ಎಂದು ಹೇಳಿ ಹೋದರು. ತೆಂಗಿನ ಸೀಮೆಯಲ್ಲಿದ್ದುಕೊಂಡು ಚಿಪ್ಪನ್ನೇ ಏಕೆ ಉರಿಸಬಾರದು ಎಂದು ಕೆಲವರು ಕೇಳುತ್ತಾರೆ. ಇದ್ದಿಲು ಮಾಡುವವರು ಚಿಪ್ಪಿಗೆ ಕೊಡುವ ಬೆಲೆಯನ್ನು ನೋಡಿದರೆ ಅದನ್ನು ಒಲೆಗೆ ಹಾಕುವುದು ನಷ್ಟದ ಬಾಬತ್ತು. ಆದ್ದರಿಂದ ನಿಜವಾಗಿ ಬಳಸಿ ನೋಡಿದವರಿಂದ ತಿಳಿಯಬೇಕಾಗಿರುವುದು ಇಷ್ಟು: ಉಳಿತಾಯ ಎಷ್ಟು, ಹಳೆಯ ಬಾಯ್ಲರ್ ಸಾಕೇ, ಮತ್ತು ವರ್ಷವಿಡೀ ಒಂದೇ ಗುಣಮಟ್ಟದ ಸರಕು ಸಿಗುತ್ತದೆಯೇ?

ದೊಡ್ಡಬಳ್ಳಾಪುರದಿಂದ, ನೂಲಿಗೆ ಬಣ್ಣ ಹಾಕುವ ಘಟಕದವರು

ನಾವು ರೇಷ್ಮೆ ನೂಲಿಗೆ ಬಣ್ಣ ಹಾಕುವವರು. ನಾಲ್ಕು ವರ್ಷದಿಂದ ಪೆಲೆಟ್ ಉರಿಸುತ್ತಿದ್ದೇವೆ. ಮೊದಲು ಲೆಕ್ಕವನ್ನು ನೋಡೋಣ, ಏಕೆಂದರೆ ಮಾರಾಟಗಾರರು ಯಾವಾಗಲೂ ಕೆಜಿಯ ಬೆಲೆಯನ್ನು ಲೀಟರಿನ ಬೆಲೆಯ ಪಕ್ಕದಲ್ಲಿಟ್ಟು ತೋರಿಸುತ್ತಾರೆ. ನಾವು ಕೊಳ್ಳುವುದು ಶಾಖವನ್ನು, ತೂಕವನ್ನಲ್ಲ. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 8,600 ಕಿಲೋಕ್ಯಾಲರಿ ಶಾಖವಿರುತ್ತದೆ. ಮಧ್ಯಮ ದರ್ಜೆಯ ಪೆಲೆಟ್ ಒಂದು ಕೆಜಿಗೆ 3,800ರ ಆಸುಪಾಸು ಕೊಡುತ್ತದೆ. ಡೀಸೆಲ್ ಬಾಯ್ಲರ್ ಆ ಶಾಖದಲ್ಲಿ ಶೇಕಡಾ 85ರಷ್ಟನ್ನು ಉಗಿಗೆ ಮುಟ್ಟಿಸಿದರೆ, ನಮ್ಮಂಥ ಸಣ್ಣ ಘನ ಇಂಧನದ ಬಾಯ್ಲರ್ ಶೇಕಡಾ 72ರಷ್ಟನ್ನು ಮುಟ್ಟಿಸಿದರೆ ಪುಣ್ಯ. ಹೀಗೆ ಹಿಡಿದರೆ ಒಂದು ಲೀಟರ್ ಡೀಸೆಲ್ ಮಾಡುವ ಕೆಲಸಕ್ಕೆ 2.7 ಕೆಜಿ ಪೆಲೆಟ್ ಬೇಕು. ತಮ್ಮ 60 ಲೀಟರಿಗೆ ದಿನಕ್ಕೆ ಸುಮಾರು 160 ಕೆಜಿ, ತಿಂಗಳಿಗೆ 25 ದಿನ ಓಡಿಸಿದರೆ ನಾಲ್ಕು ಟನ್, ಅಂದರೆ 40 ಕೆಜಿಯ ನೂರು ಚೀಲ. ತಮ್ಮ ಊರಿಗೆ ಲಾರಿ ಬಾಡಿಗೆ ಸೇರಿಸಿದ ಮೇಲೆ 2.7 ಕೆಜಿಗೆ ಎಷ್ಟು ಬೀಳುತ್ತದೆ ಎಂದು ನೋಡಿ, ಅದನ್ನು ಒಂದು ಲೀಟರ್ ಡೀಸೆಲ್‌ನ ಬೆಲೆಯೊಂದಿಗೆ ಹೋಲಿಸಿರಿ. ನಮಗೆ ಉಳಿತಾಯವಂತೂ ಆಗಿದೆ. ಆದರೆ ಬೂದಿ ತೆಗೆಯಲು ಮತ್ತು ಹಾಪರ್ (ಬರ್ನರಿಗೆ ಪೆಲೆಟ್ ಉಣಿಸುವ ಡಬ್ಬ) ತುಂಬಿಸಲು ಒಬ್ಬ ಆಳಿನ ಅರ್ಧ ದಿನದ ಕೂಲಿಯನ್ನು ಆ ಉಳಿತಾಯದಿಂದಲೇ ಕಳೆಯಬೇಕು. ಡೀಸೆಲ್ ಇದ್ದಾಗ ಸ್ವಿಚ್ ಒತ್ತಿದರೆ ಮುಗಿಯುತ್ತಿತ್ತು.

ಹಳೆಯ ಬಾಯ್ಲರಿಗೆ ಬರ್ನರ್ ಮಾತ್ರ ಬದಲಿಸುವ ವಿಷಯದಲ್ಲಿ ನಾನು ಕೈ ಸುಟ್ಟುಕೊಂಡಿದ್ದೇನೆ. ಡೀಸೆಲ್‌ಗೆಂದು ಮಾಡಿದ ಬಾಯ್ಲರಿನ ಹೊಗೆ ಕೊಳವೆಗಳು ಸಣ್ಣವು, ಒತ್ತೊತ್ತಾಗಿರುತ್ತವೆ. ಡೀಸೆಲ್ ಬೂದಿ ಬಿಡುವುದಿಲ್ಲವಾದ್ದರಿಂದ ಬೂದಿ ಬೀಳಲು ಅಲ್ಲಿ ಜಾಗವನ್ನೇ ಇಟ್ಟಿರುವುದಿಲ್ಲ. ನಮ್ಮ ಚಿಮಣಿಯ ಬುಡದಲ್ಲಿ ಒಂದು ತಾಪಮಾಪಕವಿದೆ. ಪೆಲೆಟ್ ಶುರುಮಾಡಿದ ದಿನ ಅದು 190 ಡಿಗ್ರಿ ತೋರಿಸುತ್ತಿತ್ತು, ಹತ್ತನೆಯ ದಿನಕ್ಕೆ 260 ದಾಟಿತು. ಅಂದರೆ ನೀರಿಗೆ ಹೋಗಬೇಕಾದ ಶಾಖವೆಲ್ಲ ಚಿಮಣಿಯಿಂದ ಆಕಾಶಕ್ಕೆ ಹೋಗುತ್ತಿತ್ತು. ಬಾಗಿಲು ತೆಗೆದು ನೋಡಿದರೆ ಕೊಳವೆಗಳ ಒಳಗೆ ಬೂದು ಬಣ್ಣದ ಹುಡಿ ಬೆರಳು ದಪ್ಪ ಕೂತಿತ್ತು. ಪ್ರತಿ ಭಾನುವಾರ ತಂತಿ ಬ್ರಷ್ ಹಾಕಿ ಉಜ್ಜುವ ಕೆಲಸವನ್ನು ಏಳು ತಿಂಗಳು ಮಾಡಿ, ಕೊನೆಗೆ ಘನ ಇಂಧನಕ್ಕೆಂದೇ ಕಟ್ಟಿದ ಬಾಯ್ಲರ್ ಕೊಂಡೆವು. ಎರಡು ಸಲ ದುಡ್ಡು ಹಾಕಿದಂತಾಯಿತು. ಹಳೆಯದನ್ನು ಮಾತ್ರ ಮಾರಬೇಡಿರಿ; ಪೆಲೆಟ್ ಬರುವುದು ತಡವಾದ ದಿನ ಅದೇ ನಮ್ಮನ್ನು ಕಾಪಾಡಿದೆ.

ಚಳ್ಳಕೆರೆಯಿಂದ, ಪೆಲೆಟ್ ತಯಾರಿಸುವವರು

ನಾನು ಮಾರುವ ಕಡೆಯವನು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ; ಮಾತನ್ನು ಅದಕ್ಕೆ ತಕ್ಕಂತೆ ತೂಗಿಕೊಳ್ಳಬಹುದು. ನಮ್ಮಲ್ಲಿ ಕಡಲೆಕಾಯಿ ಸಿಪ್ಪೆ ಮತ್ತು ಸಾಮಿಲ್ಲಿನ ಮರದ ಹೊಟ್ಟು, ಇವೆರಡೇ ಮುಖ್ಯ ಸರಕು. ಇವನ್ನು ಪುಡಿ ಮಾಡಿ, ತೇವವನ್ನು ಶೇಕಡಾ 10–12ಕ್ಕೆ ತಂದು, ರಂಧ್ರಗಳಿರುವ ಉಕ್ಕಿನ ಡೈ ಮೂಲಕ ರೋಲರಿನಿಂದ ಒತ್ತುತ್ತೇವೆ. ಅಂಟು ಏನು ಹಾಕುತ್ತೀರಿ ಎಂದು ಎಲ್ಲರೂ ಕೇಳುತ್ತಾರೆ. ಏನನ್ನೂ ಹಾಕುವುದಿಲ್ಲ. ಒತ್ತಡದ ಬಿಸಿಗೆ ಸಿಪ್ಪೆಯಲ್ಲೇ ಇರುವ ಲಿಗ್ನಿನ್ ಎಂಬ ಅಂಶ ಮೆತ್ತಗಾಗಿ, ತಣಿದಾಗ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಪೆಲೆಟ್‌ನ ಮೈ ಹೊಳೆಯುವುದು ಅದರಿಂದಲೇ. ತೇವ ಶೇಕಡಾ 15 ದಾಟಿತೆಂದರೆ ಡೈಯಿಂದ ಹೊರಬರುವಾಗಲೇ ಬಿರುಕು ಬಿಟ್ಟು ಉದುರುತ್ತದೆ. ಹೀಗಾಗಿ ಮಳೆಗಾಲದಲ್ಲಿ ನಮ್ಮ ಉತ್ಪಾದನೆ ಕುಸಿಯುತ್ತದೆ, ಬೆಲೆ ಏರುತ್ತದೆ, ಕೆಲವರು ಹಸಿ ಸರಕನ್ನೇ ಒತ್ತಿ ಕಳುಹಿಸುತ್ತಾರೆ. ಕಡಲೆಕಾಯಿ ಸುಗ್ಗಿ ಮುಗಿದು ಗಿರಣಿಗಳಲ್ಲಿ ಸಿಪ್ಪೆ ರಾಶಿ ಬೀಳುವ ಚಳಿಗಾಲದಲ್ಲಿ ದರ ಮಾತಾಡಿಕೊಂಡು, ಮೇ ತಿಂಗಳೊಳಗೆ ಮಳೆಗಾಲದ ಸರಕನ್ನು ಶೆಡ್ಡಿಗೆ ಇಳಿಸಿಕೊಳ್ಳುವುದು ಜಾಣತನ.

ಶೆಡ್ಡು ತೀರಾ ದೊಡ್ಡದಿರಬೇಕಾಗಿಲ್ಲ. ಬಿಡಿ ಹೊಟ್ಟು ಒಂದು ಘನ ಮೀಟರಿಗೆ 200 ಕೆಜಿಯೂ ತೂಗುವುದಿಲ್ಲ, ಪೆಲೆಟ್ 600ರಿಂದ 700 ಕೆಜಿ ತೂಗುತ್ತದೆ. ಲಾರಿ ಬಾಡಿಗೆ ಗಿಟ್ಟುವುದೇ ಈ ವ್ಯತ್ಯಾಸದಿಂದ. ಆದರೆ ಸೂರು ಸೋರಬಾರದು. ನೀರು ತಾಗಿದ ಪೆಲೆಟ್ ಮತ್ತೆ ಹೊಟ್ಟೇ ಆಗುತ್ತದೆ, ಒಣಗಿಸಿದರೂ ಪೆಲೆಟ್ ಆಗಿ ಮರಳುವುದಿಲ್ಲ. ನೆಲದ ತಂಪು ಏರದಂತೆ ಚೀಲಗಳನ್ನು ಹಲಗೆಯ ಮೇಲೆ, ಗೋಡೆಯಿಂದ ಒಂದು ಅಡಿ ಬಿಟ್ಟು ಪೇರಿಸಬೇಕು.

ಗುಣಮಟ್ಟ ನೋಡಲು ಪ್ರಯೋಗಾಲಯಕ್ಕೆ ಹೋಗುವ ಮೊದಲು ಒಂದು ಲೋಟ ನೀರು ಸಾಕು. ಚೆನ್ನಾಗಿ ಒತ್ತಿದ ಪೆಲೆಟ್ ನೀರಿನಲ್ಲಿ ತಕ್ಷಣ ಮುಳುಗಿ, ಆಮೇಲೆ ನಿಧಾನವಾಗಿ ಅರಳಿಕೊಳ್ಳುತ್ತದೆ. ತೇಲಿದರೆ ಒತ್ತಡ ಸಾಲದು ಎಂದರ್ಥ. ಚೀಲದ ತಳಕ್ಕೆ ಕೈ ಹಾಕಿದಾಗ ಮುಷ್ಟಿ ತುಂಬ ಪುಡಿ ಬಂದರೆ ಆ ಲೋಡನ್ನು ಇಳಿಸಿಕೊಳ್ಳಬೇಡಿರಿ. ಒಂದು ಕೆಜಿಯನ್ನು ಪೂರ್ತಿ ಸುಟ್ಟು ಬೂದಿಯನ್ನು ತೂಗಿರಿ. ಮರದ ಹೊಟ್ಟಿನದಾದರೆ ಇಪ್ಪತ್ತು ಮೂವತ್ತು ಗ್ರಾಂ, ಕಡಲೆಕಾಯಿ ಸಿಪ್ಪೆಯದಾದರೆ ಅದಕ್ಕಿಂತ ತುಸು ಹೆಚ್ಚು. ನೂರೈವತ್ತು ಗ್ರಾಂ ಬಂತೆಂದರೆ ಅದರಲ್ಲಿ ಭತ್ತದ ಉಮಿ ಸೇರಿದೆ ಅಥವಾ ಮಣ್ಣು ಸೇರಿದೆ. ಪ್ರಯೋಗಾಲಯದ ವರದಿ ತೋರಿಸಿದಾಗ ಶಾಖದ ಅಂಕಿಯ ಮುಂದೆ ಎಆರ್‌ಬಿ ಎಂದಿದೆಯೇ ಎಡಿಬಿ ಎಂದಿದೆಯೇ ನೋಡಿರಿ. ಮೊದಲನೆಯದು ಸರಕು ಬಂದ ಸ್ಥಿತಿಯಲ್ಲೇ ಅಳೆದದ್ದು, ಎರಡನೆಯದು ಗಾಳಿಗೆ ಒಣಗಿಸಿ ಅಳೆದದ್ದು. ಎರಡನೆಯ ಅಂಕಿ ಯಾವಾಗಲೂ ಚೆಂದ ಕಾಣುತ್ತದೆ, ಆದರೆ ತಮ್ಮ ಬಾಯ್ಲರಿಗೆ ಬೀಳುವುದು ಮೊದಲನೆಯದು.

ಪೂರೈಕೆಯ ಬಗ್ಗೆ ಕೇಳಿದ್ದೀರಿ. ಕಲ್ಲಿದ್ದಲು ಸುಡುವ ಉಷ್ಣ ವಿದ್ಯುತ್ ಸ್ಥಾವರಗಳು ಕಲ್ಲಿದ್ದಲಿನ ಜೊತೆ ಇಂತಿಷ್ಟು ಪೆಲೆಟ್ ಬೆರೆಸಬೇಕೆಂದು ಕೇಂದ್ರದ ವಿದ್ಯುತ್ ಸಚಿವಾಲಯ 2021ರ ಅಕ್ಟೋಬರಿನಲ್ಲಿ ನೀತಿ ಹೊರಡಿಸಿತು. ಶೇಕಡಾ 5ರಿಂದ ಶುರುಮಾಡಿ ಏರಿಸುತ್ತ ಹೋಗುವುದು ಅದರ ಆಶಯ, ಇದರ ಹಿಂದೆ ಇರುವ ಯೋಜನೆಗೆ ‘ಸಮರ್ಥ್’ ಎಂದು ಹೆಸರು. ಅಲ್ಲಿ ಬೇಡಿಕೆ ಬಂದಾಗ ನಮ್ಮಂಥವರ ಕಣ್ಣು ಸಾವಿರ ಟನ್ನಿನ ಗಿರಾಕಿಯ ಕಡೆ ಹೋಗುವುದು ಸಹಜ, ತಿಂಗಳಿಗೆ ನಾಲ್ಕು ಟನ್ ಕೊಳ್ಳುವವರು ಹಿಂದೆ ಬೀಳುತ್ತಾರೆ. ಬಾಯಿಮಾತಿಗಿಂತ ವರ್ಷದ ಬರಹದ ಒಪ್ಪಂದ ಮೇಲು. ತೇವ ಮತ್ತು ಬೂದಿಯ ಮಿತಿಯನ್ನೂ ಅದರಲ್ಲೇ ಬರೆಸಿಕೊಳ್ಳಿರಿ.

ಕುಶಾಲನಗರದಿಂದ, ಕಾಫಿ ಕ್ಯೂರಿಂಗ್‌ನಲ್ಲಿ ಕೆಲಸ ಮಾಡುವವರು

ಕಾಫಿ ಹೊಟ್ಟಿನ ಪೆಲೆಟ್ ಕಡಿಮೆ ದರಕ್ಕೆ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ಒಂದು ಎಚ್ಚರಿಕೆ. ಅದರ ಬೂದಿಯಲ್ಲಿ ಪೊಟ್ಯಾಷ್ ಹೆಚ್ಚು, ಹಾಗಾಗಿ ಬೇಗ ಕರಗಿ ಬರ್ನರಿನ ಬಟ್ಟಲಿನಲ್ಲಿ ಗಾಜಿನಂತೆ ಗಟ್ಟಿಯಾದ ಕಿಟ್ಟ ಕಟ್ಟುತ್ತದೆ. ಕಿಟ್ಟ ಗಾಳಿಯ ತೂತುಗಳನ್ನು ಮುಚ್ಚಿದರೆ ಉರಿ ಸತ್ತು ಹೊಗೆ ಏಳುತ್ತದೆ. ನಾವು ಅದನ್ನು ಮರದ ಹೊಟ್ಟಿನ ಪೆಲೆಟ್‌ನೊಂದಿಗೆ ಬೆರೆಸಿ, ಗಾಳಿ ತಗ್ಗಿಸಿ ಉರಿಸುವುದನ್ನು ಕಲಿಯಲು ಒಂದು ಹಂಗಾಮೇ ಬೇಕಾಯಿತು. ಬೂದಿಯನ್ನು ಮಾತ್ರ ಎಸೆಯಬೇಡಿರಿ, ತೆಂಗಿನ ಬುಡಕ್ಕೆ ಒಳ್ಳೆಯದು.

ದಾವಣಗೆರೆಯಿಂದ, ವಿದ್ಯಾರ್ಥಿಗಳ ಮೆಸ್ ನಡೆಸುವವರು

ನಮ್ಮದು ಬಾಯ್ಲರ್ ಅಲ್ಲ, ಅನ್ನ ಸಾಂಬಾರಿನ ಒಲೆ. 19 ಕೆಜಿಯ ಒಂದು ಗ್ಯಾಸ್ ಸಿಲಿಂಡರಿಗೆ ಪೆಲೆಟ್ 55 ಕೆಜಿ ಸಮ ಎಂದು ಕಾಗದದ ಮೇಲೆ ಲೆಕ್ಕ ಕೊಟ್ಟಿದ್ದರು. ಅಡುಗೆಮನೆಯಲ್ಲಿ 75 ಕೆಜಿಗೆ ಕಡಿಮೆ ಆಗಲೇ ಇಲ್ಲ. ಅನ್ನದ ಹಂಡೆ ಇಳಿಸಿದ ಮೇಲೂ ಒಲೆ ಉರಿಯುತ್ತಲೇ ಇರುತ್ತದೆ, ಗ್ಯಾಸಿನಂತೆ ತಿರುವಿ ಆರಿಸಲು ಬರುವುದಿಲ್ಲ. ಈಗ ದೀರ್ಘ ಹೊತ್ತು ಬೇಯುವುದಕ್ಕೆ ಪೆಲೆಟ್, ಒಗ್ಗರಣೆಗೆ ಮತ್ತು ದೋಸೆಗೆ ಗ್ಯಾಸ್ ಎಂದು ಹಂಚಿಕೊಂಡಿದ್ದೇವೆ. ತಮ್ಮ ಡ್ರೈಯರ್ ಗಂಟೆಗಟ್ಟಲೆ ಒಂದೇ ಸಮನೆ ಓಡುವುದರಿಂದ ನಮಗಿಂತ ತಮಗೇ ಇದು ಹೆಚ್ಚು ಹೊಂದೀತು.

ಧಾರವಾಡದ ಹತ್ತಿರದ ಹಳ್ಳಿಯಿಂದ, ನಿವೃತ್ತ ಶಿಕ್ಷಕಿ

ಇದು ಉದ್ಯಮದ ಮಾತಲ್ಲ, ಆದರೂ ಬೆಲೆಯ ವಿಷಯಕ್ಕೆ ಸಂಬಂಧಿಸಿದ್ದು. 2006ರ ನಂತರದ ವರ್ಷಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂತ್ರಜ್ಞಾನದಿಂದ ರೂಪುಗೊಂಡ, ಸಣ್ಣ ಫ್ಯಾನು ಇದ್ದ ಪೆಲೆಟ್ ಒಲೆ ಕರ್ನಾಟಕ, ಮಹಾರಾಷ್ಟ್ರದ ಮನೆಗಳಿಗೆ ಬಂದಿತ್ತು. ನಮ್ಮ ಮನೆಯಲ್ಲೂ ಒಂದಿತ್ತು. ನೀಲಿ ಉರಿ, ಪಾತ್ರೆಗೆ ಮಸಿ ಇಲ್ಲ. ರೊಟ್ಟಿಗೆ ಅದರಷ್ಟು ಒಳ್ಳೆಯ ಒಲೆಯನ್ನು ನಾನು ಕಂಡಿಲ್ಲ. ಆದರೆ ಕಬ್ಬು, ಶೇಂಗಾದ ಉಳಿಕೆಗೆ ಬೇರೆ ಗಿರಾಕಿಗಳು ಹುಟ್ಟಿಕೊಂಡಂತೆ ಪೆಲೆಟ್ ಚೀಲದ ಬೆಲೆ ಏರಿತು, ಆಮೇಲೆ ನಮ್ಮ ಕಡೆ ಬರುವುದೇ ನಿಂತಿತು. ಒಲೆ ಅಟ್ಟ ಸೇರಿತು. ಒಲೆಯಲ್ಲಿ ಯಾವ ದೋಷವೂ ಇರಲಿಲ್ಲ. ಕಸವೆಂದು ಬಿದ್ದಿರುವ ತನಕ ಮಾತ್ರ ಹೊಟ್ಟು ಅಗ್ಗ ಎಂಬುದನ್ನು ಲೆಕ್ಕದಲ್ಲಿ ಸೇರಿಸಿಕೊಳ್ಳಿರಿ.

ಆಸ್ಟ್ರಿಯಾದಿಂದ, ಮೈಸೂರು ಮೂಲದವರು

ಇಲ್ಲಿ ನಮ್ಮ ಮನೆಯನ್ನು ಬೆಚ್ಚಗಿಡುವುದು ಮರದ ಹೊಟ್ಟಿನ ಪೆಲೆಟ್. ಟ್ಯಾಂಕರ್ ಬಂದು ಕೊಳವೆಯಿಂದ ನೆಲಮಾಳಿಗೆಗೆ ಊದಿ ಹೋಗುತ್ತದೆ. ಪೆಲೆಟ್ ಗುಣಮಟ್ಟಕ್ಕೆ ಇಲ್ಲಿರುವ ಇಎನ್‌ಪ್ಲಸ್ ಎ1 ದರ್ಜೆಯಲ್ಲಿ ಬೂದಿ ಶೇಕಡಾ 0.7, ತೇವ ಶೇಕಡಾ 10 ಮೀರುವಂತಿಲ್ಲ. ಆದರೂ 2022ರಲ್ಲಿ ಯುದ್ಧ ಶುರುವಾಗಿ ರಷ್ಯಾ ಮತ್ತು ಬೆಲಾರುಸ್‌ನ ಸರಕಿಗೆ ತಡೆ ಬಿದ್ದ ವರ್ಷ ಬೆಲೆ ದುಪ್ಪಟ್ಟಿಗೂ ಮೇಲೆ ಹೋಯಿತು. ಇನ್ನೊಂದು ಮಾತು, ಪೆಲೆಟ್ ತುಂಬಿಟ್ಟ ಮುಚ್ಚಿದ ಕೋಣೆಯಲ್ಲಿ ಬೆಂಕಿಯಿಲ್ಲದೆಯೂ ಕಾರ್ಬನ್ ಮಾನಾಕ್ಸೈಡ್ ಸೇರಿಕೊಳ್ಳುತ್ತದೆ. ಯುರೋಪಿನಲ್ಲಿ ಇದರಿಂದ ಸಾವುಗಳಾಗಿವೆ. ತಮ್ಮ ಶೆಡ್ಡಿಗೆ ಗಾಳಿಯಾಡುವ ಕಿಂಡಿ ಇರಲಿ.

ಬೆಂಗಳೂರಿನಿಂದ, ನಿವೃತ್ತ ಬಾಯ್ಲರ್ ಅಟೆಂಡೆಂಟ್

ಮೇಲಿನವರು ಹೇಳದ ಒಂದು ಅಪಾಯವನ್ನು ಸೇರಿಸುತ್ತೇನೆ. ಕರೆಂಟು ಹೋದಾಗ ಡೀಸೆಲ್ ಬರ್ನರ್ ಆ ಕ್ಷಣವೇ ಆರುತ್ತದೆ, ಪೆಲೆಟ್ ಆರುವುದಿಲ್ಲ. ಫ್ಯಾನು ನಿಂತರೂ ಬಟ್ಟಲಿನಲ್ಲಿ ಕೆಂಡವಿರುತ್ತದೆ, ಆ ಬೆಂಕಿ ಪೆಲೆಟ್ ತಳ್ಳುವ ಸ್ಕ್ರೂ ಹಿಡಿದು ನಿಧಾನವಾಗಿ ಹಿಂದಕ್ಕೆ, ಹಾಪರಿನ ಕಡೆಗೆ ತೆವಳುತ್ತದೆ. ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ ಎರಡು ಗಂಟೆ ಕರೆಂಟು ಹೋಗಿ, ಮೊದಲು ಬಣ್ಣ ಸುಟ್ಟ ವಾಸನೆ ಬಂತು, ನೋಡಿದರೆ ಹಾಪರಿನ ತಳ ಕೆಂಪಗಾಗಿತ್ತು. ಮರಳು ಬಕೆಟ್ ಹತ್ತಿರವಿದ್ದುದರಿಂದ ಉಳಿದೆವು. ಸ್ಕ್ರೂ ಮತ್ತು ಬರ್ನರಿನ ನಡುವೆ ಪೆಲೆಟ್ ಮೇಲಿಂದ ಬೀಳುವ ತೆರಪು, ಬಿಸಿ ಏರಿದರೆ ತಾನೇ ನೀರು ಬಿಡುವ ಕವಾಟ, ಫ್ಯಾನಿಗೆ ಮತ್ತು ನೀರಿನ ಪಂಪಿಗೆ ಬದಲಿ ವಿದ್ಯುತ್ತು, ಈ ಮೂರೂ ಇಲ್ಲದ ಯಂತ್ರವನ್ನು ಕೊಳ್ಳಬೇಡಿರಿ.

ಇಂಧನ ಬದಲಿಸುವ ಮುನ್ನ ಕಾರ್ಖಾನೆ ಮತ್ತು ಬಾಯ್ಲರುಗಳ ಇಲಾಖೆಯಲ್ಲಿ ವಿಚಾರಿಸಿರಿ. ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರದಲ್ಲಿ ಡೀಸೆಲ್ ಎಂದಿದ್ದರೆ ಅದನ್ನೂ ತಿದ್ದಿಸಬೇಕು. ತಮ್ಮದು ತಿನ್ನುವ ಪದಾರ್ಥವಾದ್ದರಿಂದ ಹಾಪರ್, ಬೂದಿ ಎಲ್ಲವೂ ಪ್ಯಾಕಿಂಗ್ ಕೋಣೆಯನ್ನು ದಾಟಿ ಗಾಳಿ ಬೀಸಿಹೋಗುವ ಕಡೆ ಇರಲಿ. ಬಿಳಿ ಪುಡಿಯ ಮೇಲೆ ಒಂದು ಚಿಟಿಕೆ ಬೂದಿ ಕೂತರೂ ಗಿರಾಕಿ ಲೋಡನ್ನು ವಾಪಸು ಕಳುಹಿಸುತ್ತಾನೆ.

ಮತ್ತೆ ತಿಪಟೂರಿನಿಂದ

ಎಲ್ಲರಿಗೂ ಕೃತಜ್ಞತೆಗಳು. ಮಾರಾಟಗಾರರು ಬಿಟ್ಟುಹೋಗಿದ್ದ ಭರಣಿಯ ಪೆಲೆಟ್ ಲೋಟದ ನೀರಿನಲ್ಲಿ ಕೂಡಲೇ ಮುಳುಗಿತು. ಆದರೆ ಅವರ ಹಳೆಯ ಗಿರಾಕಿಯೊಬ್ಬರ ಗೋದಾಮಿನಿಂದ ಕೇಳಿ ತಂದ ಅರ್ಧ ಚೀಲದಲ್ಲಿ ಹೆಚ್ಚಿನವು ತೇಲಿದವು, ಒಂದು ಕೆಜಿ ಸುಟ್ಟಾಗ 130 ಗ್ರಾಂ ಬೂದಿ ಉಳಿಯಿತು. ಬರ್ನರ್ ಬದಲಿಸುವ ಯೋಚನೆಯನ್ನು ಕೈಬಿಟ್ಟಿದ್ದೇವೆ. ಹಳೆಯ ಬಾಯ್ಲರನ್ನು ಇಟ್ಟುಕೊಂಡೇ ಘನ ಇಂಧನದ ಬಾಯ್ಲರಿಗೆ ಎರಡು ಕಡೆಯಿಂದ ದರಪಟ್ಟಿ ಕೇಳಿದ್ದೇವೆ, ಶೆಡ್ಡಿನ ಹೆಂಚು ಕೈಯಾಡಿಸಲು ಆಳು ನಾಳೆ ಬರುತ್ತಾರೆ. ಚಳ್ಳಕೆರೆಯವರು ಒಪ್ಪಂದದ ಮಾದರಿಯೊಂದನ್ನು ಇಲ್ಲಿ ಬರೆದರೆ, ನಮ್ಮಂತೆಯೇ ಯೋಚಿಸುತ್ತಿರುವ ಇನ್ನೂ ಇಬ್ಬರು ಇಲ್ಲಿ ಕಾಯುತ್ತಿದ್ದಾರೆ.