ಸಹಾಯ ಬೇಕು: ಹುಬ್ಬಳ್ಳಿ-ಧಾರವಾಡದಲ್ಲಿ ಟ್ರಯಲ್ ನೋಡಿ ಕೋಟು, ಶರ್ಟ್ ಹೊಲಿಯುವವರು ಯಾರಿದ್ದಾರೆ?

ನಮಸ್ಕಾರ ರೀ ಎಲ್ಲರಿಗೂ. ತಮ್ಮನ ಮದುವೆಗೆ ಕೋಟು, ಶರ್ಟ್ ಹೊಲಿಸಬೇಕು. ನನ್ನ ಬಲ ಭುಜ ಎಡಕ್ಕಿಂತ ಸ್ವಲ್ಪ ಇಳಿದಿದೆ. ರೆಡಿಮೇಡ್ ಶರ್ಟ್ ಹಾಕಿದರೆ ಆ ಕಡೆ ಕಾಲರ್ ಬುಡದಿಂದ ಕಂಕುಳವರೆಗೆ ಓರೆಯಾಗಿ ಸುಕ್ಕು ಬೀಳುತ್ತದೆ.

ಒಬ್ಬ ಟೇಲರ್ ಹತ್ತಿರ ಹೊಲಿಸಿ ನೋಡಿದೆ. ಎರಡೂ ಭುಜ ಒಂದೇ ಅಳತೆಗೆ ಕತ್ತರಿಸಿದ್ದರು. ಹೇಳಿದ ಮೇಲೆ ಸೈಡ್ ಹಿಡಿದು ಕೊಟ್ಟರು. ಎದೆ ಬಿಗಿಯಾಯಿತು, ಸುಕ್ಕು ಹಾಗೇ ಉಳಿಯಿತು. ತೊಂದರೆ ಭುಜದಲ್ಲಿದ್ದರೆ ಸೈಡ್ ಹಿಡಿದು ಏನು ಪ್ರಯೋಜನ, ಅಲ್ವಾ? ಇನ್ನೊಬ್ಬರು ಬಲಗಡೆ ದಪ್ಪ ಪ್ಯಾಡ್ ಹಾಕೋಣ ಅಂದರು. ಕೋಟಿಗೆ ಅದು ಸರಿ. ಶರ್ಟ್‌ಗೆ ಪ್ಯಾಡ್ ಇರುವುದಿಲ್ಲವಲ್ಲ, ಅಲ್ಲಿ ಕಟಿಂಗ್‌ನಲ್ಲೇ ಸರಿಮಾಡಬೇಕು.

ಬಟ್ಟೆ ರೆಡಿ ಇದೆ. ರಾಷ್ಟ್ರಧ್ವಜ ತಯಾರಾಗುವ ನಮ್ಮ ಬೆಂಗೇರಿಯ ಖಾದಿ. ಆಮೇಲೆ ಕುಗ್ಗಬಾರದು ಅಂತ ನೆನೆಸಿ ಒಣಗಿಸಿಟ್ಟಿದ್ದೇನೆ. ಅದನ್ನು ಸುಮ್ನೆ ಯಾರದೋ ಕತ್ತರಿಗೆ ಕೊಡಲು ಮನಸ್ಸಿಲ್ಲ.

ನನ್ನ ಗೊಂದಲ ಇಷ್ಟು. ಕೋಟು, ಶರ್ಟ್ ಎರಡೂ ಒಬ್ಬರಿಗೇ ಕೊಡಲೋ, ಶರ್ಟ್ ಮಾತ್ರ ಹೊಲಿಯುವವರಿಗೆ ಬೇರೆ ಕೊಡಲೋ? ಎರಡೂ ಭುಜದ ಅಳತೆ ಬೇರೆ ಬೇರೆ ತೆಗೆದುಕೊಂಡು, ಕಚ್ಚಾ ಹೊಲಿಗೆ ಹಾಕಿ ಟ್ರಯಲ್ ನೋಡುವವರು ಅವಳಿ ನಗರದಲ್ಲಿ ಯಾರಿದ್ದಾರೆ? ನೀವೇ ಹೊಲಿಸಿದ್ದರೆ ಅಂಗಡಿ ಯಾವ ಓಣಿಯಲ್ಲಿದೆ, ಕೂಲಿ ಎಷ್ಟು ತೆಗೆದುಕೊಂಡರು ಹೇಳ್ರಿ.