ಕ್ಯಾಂಪರ್ ವ್ಯಾನಿನ ಕ್ಯಾಮೆರಾ ಮಾನಿಟರ್ ಮಿಣುಕುತ್ತಿದೆ, ಬದಲಿಸಬೇಕಾ?

ಪ್ರಶ್ನೆ (ಉಡುಪಿ):
ನನ್ನದು ಟೆಂಪೋ ಟ್ರಾವೆಲರ್, ಕ್ಯಾಂಪರ್ ಮಾಡಿಸಿದ್ದೇನೆ. ಹಿಂಬದಿ ಕ್ಯಾಮೆರಾಕ್ಕೆ 7 ಇಂಚಿನ ಮಾನಿಟರ್, ನಾಲ್ಕು ಪಿನ್ನಿನ ಕನೆಕ್ಟರ್. ಮಳೆಗಾಲ ಶುರುವಾದ ಮೇಲೆ ಚಿತ್ರದಲ್ಲಿ ಗೆರೆ ಬರುತ್ತದೆ, ಆಮೇಲೆ ಪೂರ್ತಿ ಕಪ್ಪು. ಆಗುಂಬೆ ಘಾಟಿಯ ತಿರುವಿನಲ್ಲಿ ಹಿಂದೇನಿದೆ ಅಂತ ಕಾಣದಿದ್ದರೆ ಕಷ್ಟ ಅಲ್ವಾ? ಅಂಗಡಿಯವರು ಇಡೀ ಸೆಟ್ ಬದಲಿಸಿ ಅನ್ನುತ್ತಾರೆ.

ಉತ್ತರ (ಮಂಗಳೂರು):
ಸುಮ್ನೆ ದುಡ್ಡು ಹಾಕಬೇಡಿ ಮಾರಾಯ್ರೇ. ಬೇರೆ ಕ್ಯಾಮೆರಾ ಸಿಕ್ಕಿದರೆ ಗಿಡ್ಡ ಕೇಬಲ್ಲಿನಲ್ಲಿ ನೇರ ಮಾನಿಟರಿಗೆ ಜೋಡಿಸಿ. ಚಿತ್ರ ಸರಿ ಬಂದರೆ ಮಾನಿಟರ್ ಚೆನ್ನಾಗಿದೆ, ತೊಂದರೆ ಹಿಂದಿನ ಕೇಬಲ್ ಅಥವಾ ಕ್ಯಾಮೆರಾದಲ್ಲಿ. ನಮ್ಮ ಕಡಲ ಬದಿಯ ಉಪ್ಪುಗಾಳಿಗೆ ಪಿನ್ನುಗಳು ಹಸಿರು ಕಿಲುಬು ಹಿಡಿಯುತ್ತವೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ. ಅರ್ಥ್ ವೈರಿನ ಬೋಲ್ಟ್ ಕೆಳಗಿನ ತುಕ್ಕನ್ನೂ ಕೆರೆಯಿರಿ, ಅದನ್ನು ಯಾರೂ ನೋಡುವುದೇ ಇಲ್ಲ.

ಉತ್ತರ (ಕುಂದಾಪುರ):
ಪರದೆ ಕಪ್ಪಾದಾಗ ಟಾರ್ಚ್ ಬಿಟ್ಟು ನೋಡಿ. ಮಸುಕಾಗಿ ಚಿತ್ರ ಕಂಡರೆ ಬ್ಯಾಕ್‌ಲೈಟ್ (ಪರದೆಯ ಒಳಗಿನ ಬೆಳಕು) ಹೋಗಿದೆ. ಆಗ ರಿಪೇರಿಗಿಂತ ಹೊಸದೇ ವಾಸಿ. ಆದರೆ ಕ್ಯಾಮೆರಾ ಹಳೇ ಅನಲಾಗಾ, ಎಎಚ್‌ಡಿಯಾ (ಹೆಚ್ಚು ಸ್ಪಷ್ಟ ಚಿತ್ರ ಕೊಡುವ ಹೊಸ ಬಗೆಯ ಸಿಗ್ನಲ್) ಅಂತ ನೋಡಿಕೊಂಡು ತಗೊಳ್ಳಿ. ಕನೆಕ್ಟರ್ ಕೂತರೂ ಸಿಗ್ನಲ್ ಹೊಂದದಿದ್ದರೆ ಚಿತ್ರ ಬರುವುದಿಲ್ಲ.

ಪ್ರಶ್ನೆ ಕೇಳಿದವರು:
ಬಂಪರ್ ಹತ್ತಿರದ ಕನೆಕ್ಟರ್ ಬಿಚ್ಚಿದೆ. ಒಳಗೆ ಪೂರಾ ಹಸಿರು! ಕ್ಲೀನರ್ ತಂದು ನೋಡುತ್ತೇನೆ. ಮಂಗಳೂರಿನ ಅಣ್ಣ, ಅರ್ಥ್ ಬೋಲ್ಟ್ ಎಲ್ಲಿರುತ್ತದೆ, ಟೈಲ್ ಲ್ಯಾಂಪ್ ಹಿಂದೆಯಾ?