ಲಿಂಕನ್ ಅಂದು ಮೆತ್ತಗಾದರಾ?

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಭಾನುವಾರ ಬೆಳಿಗ್ಗೆ ಲಿಂಕನ್ ಫೋಟೋ ಇರುವ ಒಂದು ಫಾರ್ವರ್ಡ್ ಬಂತು. "ಯಾರ ಮೇಲೂ ಹಗೆ ಬೇಡ, ಎಲ್ಲರ ಮೇಲೂ ಕರುಣೆ ಇರಲಿ."

ಕುಂಬಳೆ ದೊಡ್ಡಪ್ಪ: ಎಲ್ಲರೂ ಓದಿ. ಗುಲಾಮಗಿರಿಯ ಜಗಳದಲ್ಲಿ ಅಮೆರಿಕ ಉತ್ತರ, ದಕ್ಷಿಣ ಅಂತ ಎರಡು ಹೋಳಾಗಿ ಯುದ್ಧ ಮಾಡುತ್ತಿದ್ದಾಗ ಉತ್ತರದ ಕಡೆಯ ಅಧ್ಯಕ್ಷ ಹೇಳಿದ ಮಾತು. ನಾಯಕ ಅಂದರೆ ಹೀಗಿರಬೇಕು.

ಪೆರ್ಲ ಮಾವ: ಓದಲಿಕ್ಕೆ ಚೆಂದ ಉಂಟು ಭಾವ. ಆದರೆ ಎದುರಿಗಿದ್ದವರು ಯಾರು? ಮನುಷ್ಯರನ್ನು ಹರಾಜು ಹಾಕಿದವರು. ಅವರ ಮೇಲೆ ಎಂತ ಕರುಣೆ? ಇದೇ ಲಿಂಕನ್ 1862ರಲ್ಲಿ ಹೊರೇಸ್ ಗ್ರೀಲಿ ಎಂಬ ಪತ್ರಿಕಾ ಸಂಪಾದಕರಿಗೆ ಏನು ಬರೆದರು? ಒಬ್ಬ ಗುಲಾಮನನ್ನೂ ಬಿಡಿಸದೆ ಒಕ್ಕೂಟ ಉಳಿಯುವುದಾದರೆ ಹಾಗೇ ಮಾಡುತ್ತೇನೆ ಅಂತ.

ನಾನು: ಪತ್ರ ನಿಜ ಮಾವ, ಆಗಸ್ಟ್ 22ರದ್ದು. ಆದರೆ ಗುಲಾಮರ ವಿಮೋಚನೆಯ ಘೋಷಣೆಯ ಕರಡನ್ನು ಜುಲೈಯಲ್ಲೇ ಮಂತ್ರಿಗಳಿಗೆ ಓದಿ ಹೇಳಿ ಆಗಿತ್ತು. ಯುದ್ಧದಲ್ಲಿ ಒಂದು ಗೆಲುವು ಬರಲಿ ಅಂತ ಕಾಯುತ್ತಿದ್ದರು. 1863ರ ಜನವರಿ 1ಕ್ಕೆ ಹೊರಡಿಸಿದರು.

ಪೆರ್ಲ ಮಾವ: ಅದೂ ದಂಗೆ ಎದ್ದ ಕಡೆಗೆ ಮಾತ್ರ. ತನ್ನ ಜೊತೆಗಿದ್ದ ಕೆಂಟಕಿ ರಾಜ್ಯದಲ್ಲಿ ಗುಲಾಮರು ಗುಲಾಮರಾಗಿಯೇ ಉಳಿದರು.

ಬದಿಯಡ್ಕ ಅಕ್ಕ: ಯುದ್ಧಕಾಲದ ಅಧಿಕಾರದಲ್ಲಿ ಅಷ್ಟೇ ಆಗುತ್ತಿದ್ದದ್ದು ಮಾವ. ಉಳಿದದ್ದಕ್ಕೆ ಸಂವಿಧಾನವನ್ನೇ ತಿದ್ದಬೇಕಿತ್ತು. 1865ರ ಜನವರಿಯಲ್ಲಿ ಗುಲಾಮಗಿರಿಯನ್ನೇ ರದ್ದು ಮಾಡುವ 13ನೇ ತಿದ್ದುಪಡಿ ಕೆಳಮನೆಯಲ್ಲಿ ಪಾಸಾಗಲಿ ಅಂತ ಓಟುಗಳ ಬೆನ್ನು ಹತ್ತಿದವರು ಅವರೇ ಅಲ್ವಾ?

ನಾನು: ಫಾರ್ವರ್ಡಿನಲ್ಲಿ ಇರುವುದು ಭಾಷಣದ ಕೊನೆಯ ತುಂಡು ಮಾತ್ರ. ಸುಮ್ನೆ ಅಷ್ಟನ್ನೇ ಓದಿದರೆ ಯಾರಿಗೂ ಸಿಟ್ಟು ಬರುತ್ತದೆ. ಅದು 1865ರ ಮಾರ್ಚ್ 4, ಎರಡನೇ ಪ್ರಮಾಣವಚನದ ದಿನ. ಬೆಳಿಗ್ಗೆ ಮಳೆ ಬಂದು ಜನ ಕೆಸರಿನಲ್ಲೇ ನಿಂತಿದ್ದರು. ಯುದ್ಧದ ಗೆಲುವು ಕಣ್ಣೆದುರೇ ಇತ್ತು. ಜೈಕಾರ ಹಾಕಿಸಿಕೊಳ್ಳುವ ಹೊತ್ತು. ಲಿಂಕನ್ ಮಾತಾಡಿದ್ದು ಕೆಲವೇ ನಿಮಿಷ. ಯುದ್ಧದ ಮೂಲ ಗುಲಾಮಗಿರಿ ಅಂತ ನೇರವಾಗಿ ಹೇಳಿದರು. ಎರಡೂ ಕಡೆಯವರು ಒಂದೇ ಬೈಬಲ್ ಓದುತ್ತಾರೆ, ಒಂದೇ ದೇವರಿಗೆ ಮೊರೆ ಇಡುತ್ತಾರೆ ಅಂದರು. ಆಮೇಲಿನ ಮಾತು ಓದಿದರೆ ನನಗೆ ಈಗಲೂ ಮೈ ಜುಂ ಅನ್ನುತ್ತದೆ. ಈ ಯುದ್ಧ ಉತ್ತರ, ದಕ್ಷಿಣ ಎರಡಕ್ಕೂ ಬಂದ ಶಿಕ್ಷೆ ಇರಬಹುದು. ಚಾಟಿಯೇಟಿಗೆ ಹರಿದ ಒಂದೊಂದು ಹನಿ ರಕ್ತಕ್ಕೂ ಕತ್ತಿಯೇಟಿಗೆ ಹರಿದ ರಕ್ತ ಲೆಕ್ಕ ತೀರಿಸುವವರೆಗೆ ಯುದ್ಧ ನಡೆಯಲಿ ಅಂತ ದೇವರ ಇಚ್ಛೆ ಇದ್ದರೆ ಅದೂ ನ್ಯಾಯವೇ ಅಂದರು. ಗೆಲ್ಲುತ್ತಿರುವ ಕಡೆಯ ಅಧ್ಯಕ್ಷ ತನ್ನ ಜನರ ಎದುರಿಗೇ ಈ ಪಾಪದಲ್ಲಿ ನಮಗೂ ಪಾಲುಂಟು ಅಂದದ್ದು! ಇಷ್ಟು ಹೇಳಿದ ಮೇಲೆ ಹಗೆ ಬೇಡ ಅಂದರು. ತಪ್ಪನ್ನು ಮುಚ್ಚಿ ಹಾಕಿ ಅಂದದ್ದಲ್ಲ.

ಬದಿಯಡ್ಕ ಅಕ್ಕ: ಗುಲಾಮಗಿರಿಯಿಂದ ಓಡಿ ಬಂದಿದ್ದ ಫ್ರೆಡರಿಕ್ ಡಗ್ಲಸ್ ಅಂದು ಅಲ್ಲಿದ್ದರು. ಲಿಂಕನ್ನರನ್ನು ಮೊದಲು ಕಟುವಾಗಿ ಟೀಕಿಸಿದವರು. ಸಂಜೆ ಶ್ವೇತಭವನದ ಬಾಗಿಲಲ್ಲಿ ಪೊಲೀಸರು ಅವರನ್ನು ತಡೆದರು. ಹೇಗೋ ಸುದ್ದಿ ಮುಟ್ಟಿಸಿ ಒಳಗೆ ಹೋದರು. ಭಾಷಣ ಹೇಗಿತ್ತು, ನಿಮ್ಮ ಅಭಿಪ್ರಾಯ ಬೇಕು ಅಂತ ಲಿಂಕನ್ ಎಲ್ಲರ ಎದುರು ಕೇಳಿದರು. ಅದೊಂದು ಪವಿತ್ರ ಪ್ರಯತ್ನ ಅಂದರು ಡಗ್ಲಸ್.

ಪೆರ್ಲ ಮಾವ: ಅಂಥವರನ್ನೇ ಬಾಗಿಲಲ್ಲಿ ತಡೆದರು ಮಾರಾಯ್ತಿ. ನಾನು ಹೇಳುವುದೂ ಅದನ್ನೇ.

ಕುಂಬಳೆ ದೊಡ್ಡಪ್ಪ: 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಉತ್ತರ ಭಾಗ ಮೈಸೂರಿಗೆ ಸೇರಲಿ ಅಂತ ಮಹಾಜನ ಆಯೋಗ ಹೇಳಿಯೂ ಆಗಲಿಲ್ಲ. ನಮಗೆ ಯಾರಾದರೂ ಹೀಗೆ ಒಂದು ಮಾತು ಹೇಳಿದ್ದುಂಟಾ?

ನಾನು: ಆ ನೋವು ನನಗೂ ಉಂಟು ದೊಡ್ಡಪ್ಪ. ಆಫೀಸಿನಲ್ಲಿ ಮಲಯಾಳದ ಫಾರಂ ಕೈಗೆ ಕೊಟ್ಟರೆ ಅಮ್ಮ ಇಂದಿಗೂ ತುಂಬಿಸುವವರನ್ನು ಹುಡುಕುತ್ತಾರೆ. ಆದರೆ ಅಲ್ಲಿ ತಾಯಿಯ ಕೈಯಿಂದ ಮಗುವನ್ನು ಕಿತ್ತು ಮಾರುತ್ತಿದ್ದರು. ಎರಡನ್ನೂ ಒಂದೇ ಸಾಲಿನಲ್ಲಿ ಇಡುವುದು ಬೇಡ.

ಪೆರ್ಲ ಮಾವ: ಹಗೆ ಬೇಡ ಅಂದದ್ದರ ಫಲ ಏನಾಯಿತು ಹಾಗಾದರೆ? ಲಿಂಕನ್ ಆದ ಮೇಲೆ ಅಧ್ಯಕ್ಷರಾದ ಆಂಡ್ರೂ ಜಾನ್ಸನ್ ದಕ್ಷಿಣದ ಹಳೆ ಯಜಮಾನರಿಗೆ ಕ್ಷಮೆ ಹಂಚಿದರು. ಕಪ್ಪು ಜನರ ಕೈಕಾಲು ಕಟ್ಟುವ ಕಾನೂನು ಅಲ್ಲಿ ಮತ್ತೆ ಬಂತು.

ನಾನು: ಅದು ಜಾನ್ಸನ್ ಹಿಡಿದ ದಾರಿ. ಲಿಂಕನ್ ಎತ್ತ ಹೊರಟಿದ್ದರು ಅಂತ ಅವರ ಕೊನೆಯ ಭಾಷಣದಲ್ಲಿ ಉಂಟು. ಏಪ್ರಿಲ್ 9ಕ್ಕೆ ದಕ್ಷಿಣದ ಸೇನಾಪತಿ ಲೀ ಶರಣಾದರು. 11ರ ರಾತ್ರಿ ಶ್ವೇತಭವನದ ಕಿಟಕಿಯಿಂದ ಲಿಂಕನ್ ಮಾತಾಡಿದರು. ಕಪ್ಪು ಜನರಲ್ಲಿ ತಿಳಿವಳಿಕೆ ಇರುವವರಿಗೆ, ಸೈನಿಕರಾಗಿ ದುಡಿದವರಿಗೆ ಓಟಿನ ಹಕ್ಕು ಸಿಗಲಿ ಅಂದರು. ಕೆಳಗೆ ಜನರ ನಡುವೆ ದಕ್ಷಿಣದ ಪರ ಇದ್ದ ಜಾನ್ ವಿಲ್ಕ್ಸ್ ಬೂತ್ ನಿಂತು ಕೇಳುತ್ತಿದ್ದ. ಮೂರೇ ದಿನದಲ್ಲಿ ಗುಂಡು ಹೊಡೆದ. ಲಿಂಕನ್ ಮೆತ್ತಗಾಗಿದ್ದರೆ ಅವನಿಗೆ ಅಷ್ಟು ದ್ವೇಷ ಯಾಕೆ ಮಾವ?

ಪೆರ್ಲ ಮಾವ: ಕೆಲವರಿಗೆ ಮಾತ್ರ ಓಟು ಅಂದದ್ದು ಸಾಲದು. ಡಗ್ಲಸ್ ಎಲ್ಲ ಕಪ್ಪು ಗಂಡಸರಿಗೂ ಕೇಳಿದ್ದರು, ಕೂಡಲೇ ಬೇಕು ಅಂತ.

ನಾನು: ಡಗ್ಲಸ್ ಕೇಳಿದ್ದೇ ಸರಿ ಮಾವ, ಅದರಲ್ಲಿ ಎರಡು ಮಾತಿಲ್ಲ. ಲಿಂಕನ್ ಅವರಿಗಿಂತ ತುಂಬಾ ಹಿಂದೆ ಇದ್ದರು. ಆದರೆ 1861ರ ಮೊದಲ ಪ್ರಮಾಣವಚನದ ದಿನ, ಗುಲಾಮಗಿರಿ ಇರುವ ರಾಜ್ಯಗಳಲ್ಲಿ ಅದನ್ನು ಮುಟ್ಟುವುದಿಲ್ಲ ಅಂದಿದ್ದವರು ಇವರೇ. ಅಲ್ಲಿಂದ ಇಲ್ಲಿಗೆ ನಾಲ್ಕೇ ವರ್ಷ.